ಕಸ್ತೂರಿ ಓದಿದ ನಾಯಿ ಸುದ್ದಿ

“ಮದ್ಲ ಬಾಯಾಗಿಂದು ನುಂಗಬೇ! ನೀ ಓದಾಕತ್ತೀಯೋ, ಮಿರ್ಚಿ ಓದಾಕತ್ತೈತೋ ತಿಳೀವಲ್ದು” ಎಂದ ತಾತ.

ಕಸ್ತೂರಿ ಗಟಕ್ಕನೆ ನುಂಗಿದಳು. ಮಿರ್ಚಿ ಬಜ್ಜಿ ಸುಡುಸುಡು ಇತ್ತು. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಪಕ್ಕದ ದರ್ಜಿ ವೆಂಕೋಬ ಗಾಬರಿಯಾದ.

“ಯಾರ ಸತ್ತಾರಂತಬೇ ಪೇಪರಿನ್ಯಾಗ?”

“ಯಾರೂ ಸತ್ತಿಲ್ಲ ಕಾಕಾ. ಮೆಣಸಿನಕಾಯಿ ಖಾರ ಐತಿ.”

ಸಿಂಧನೂರಿಗೆ ಪೇಪರು ಬರುತ್ತಿದ್ದದ್ದು ರಾಯಚೂರು ಬಸ್ಸಿನಲ್ಲಿ, ಅದೂ ಸಂಜೆಗೆ, ಅದೂ ನಿನ್ನೆಯದು. ಆದರೂ ಐದು ಗಂಟೆಯಾದರೆ ಸಾಕು, ತಾತ ಅಮರಗುಂಡಪ್ಪನ ಕಿರಾಣಿ ಅಂಗಡಿಯ ಕಟ್ಟೆ ತುಂಬಿಬಿಡುತ್ತಿತ್ತು. ಓದುವವಳು ಕಸ್ತೂರಿ. ನಾಲ್ಕನೇ ಕ್ಲಾಸು, ಎರಡು ಜಡೆ, ಒಂದು ಕೈಯಲ್ಲಿ ಪೇಪರು, ಇನ್ನೊಂದು ಕೈಯಲ್ಲಿ ಮಿರ್ಚಿ.

ತಾತ ನಿಜಾಮರ ಕಾಲದಲ್ಲಿ ಉರ್ದು ಶಾಲೆಗೆ ಹೋದವನು. ಉರ್ದುವನ್ನು ಬಲದಿಂದ ಎಡಕ್ಕೆ ಸರಸರ ಓದುತ್ತಿದ್ದ. ಕನ್ನಡದಲ್ಲಿ ಮಾತಾಡುತ್ತಿದ್ದ, ವಚನ ಹೇಳುತ್ತಿದ್ದ, ಬೈಯುವುದೂ ಕನ್ನಡದಲ್ಲೇ. ಅಕ್ಷರ ಮಾತ್ರ ಬರುತ್ತಿರಲಿಲ್ಲ. ಕಟ್ಟೆಯ ಮೇಲಿನ ಉಳಿದವರದೂ ಅದೇ ಕತೆ. ಹಾಗಾಗಿ ಕಸ್ತೂರಿ ತನ್ನನ್ನು ಊರಿನ ರೇಡಿಯೋ ಎಂದೇ ತಿಳಿದುಕೊಂಡಿದ್ದಳು. ರೇಡಿಯೋ ಮಿರ್ಚಿ ತಿನ್ನುವುದಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ಈ ರೇಡಿಯೋಗೆ ದೊಡ್ಡ ಶಬ್ದಗಳು ಬರುತ್ತಿರಲಿಲ್ಲ. ‘ಪುನರ್ವಿಂಗಡಣೆ’ ಎಂಬಂಥ ಶಬ್ದ ಬಂದರೆ ಅವಳು ಅದನ್ನು ಹಾರಿ, “ದೊಡ್ಡ ಸಾಹೇಬರು ಮೀಟಿಂಗ್ ಮಾಡಿದರು” ಎಂದು ಓದಿಬಿಡುತ್ತಿದ್ದಳು. ಆರು ತಿಂಗಳಿಂದ ಕಟ್ಟೆಯವರ ಲೆಕ್ಕದಲ್ಲಿ ದೇಶದ ದೊಡ್ಡ ಸಾಹೇಬರೆಲ್ಲ ಬರೀ ಮೀಟಿಂಗ್ ಮಾಡುತ್ತಿದ್ದರು. ಯಾರಿಗೂ ಸಂಶಯ ಬಂದಿರಲಿಲ್ಲ.

“ಲೇ ಕಸ್ತೂರಿ, ಇಲ್ಲೊಂದು ನಾಯಿ ಚಿತ್ರ ಐತಲ್ಲ?” ವೆಂಕೋಬ ಪೇಪರಿನ ಮೂಲೆಗೆ ಬೆರಳಿಟ್ಟ. “ಏನ್ ಬರದಾರ ನೋಡು. ನಮ್ಮ ಲಾಲಪ್ಪಗ ಬೇಕಾದ ಸುದ್ದಿ ಇರಬೌದು.”

ಲಾಲಪ್ಪ ಅಂಗಡಿ ಮುಂದಿನ ಬೇವಿನ ಗಿಡದ ಕೆಳಗೆ ಮಿರ್ಚಿ ಕರಿಯುವವನು. ಅವನ ಕಟ್ಟಿಗೆ ರಾಶಿಯ ಹಿಂದೆ ಚಂಪಿ ಎಂಬ ಬೀದಿನಾಯಿ ನಾಲ್ಕು ಮರಿ ಹಾಕಿತ್ತು. ನಿನ್ನೆ ಕಟ್ಟಿಗೆ ಎಳೆಯಲು ಅವನು ಕೈ ಹಾಕಿದ್ದೇ ತಡ, ಚಂಪಿ ಗಬಕ್ಕನೆ ಕಚ್ಚಿತ್ತು. ಲಾಲಪ್ಪನ ಎಡಗೈಗೆ ಈಗ ಅರಿಶಿನ ಮೆತ್ತಿದ ಬಟ್ಟೆ ಇತ್ತು.

“ನಾಳೆ ಒಂಬತ್ತರ ಬಸ್ಸಿಗೆ ರಾಯಚೂರ ದವಾಖಾನಿಗೆ ಹೋಗು ಅಂತ ಹೇಳೀನಿ ಇವಗ” ಎಂದ ತಾತ. “ದಿನಕ್ಕೊಂದರಂಗ ಹೊಟ್ಟಿಗೆ ಹದಿನಾಲ್ಕು ಸೂಜಿ.”

“ಹದಿನಾಲ್ಕ್ ಅನಬ್ಯಾಡ್ರಿ ಸಾವ್ಕಾರ್ರ, ಕೇಳಿದ್ರನ ಹೊಟ್ಟಿ ನೋಯತೈತಿ” ಎಂದ ಲಾಲಪ್ಪ.

“ನಾಯಿನ ಹೊಡದು ಹಾಕೂದು ಛಲೋ” ಎಂದ ವೆಂಕೋಬ.

ಕಸ್ತೂರಿ ತಿರುಗಿ ಕಟ್ಟಿಗೆ ರಾಶಿಯ ಕಡೆ ನೋಡಿದಳು. ಚಂಪಿಗೆ ಚಂಪಿ ಎಂದು ಹೆಸರಿಟ್ಟವಳೇ ಅವಳು. ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ನಾಯಿ ಕಚ್ಚಿದರೆ ತಡ ಮಾಡಬೇಡಿ.’ ಕೆಳಗಿನ ಸಣ್ಣ ಅಕ್ಷರ ಓದುವ ಧೈರ್ಯ ಬರಲಿಲ್ಲ. ಲಾಲಪ್ಪ ಹದಿನಾಲ್ಕು ದಿನ ರಾಯಚೂರಿನಲ್ಲಿ. ಹದಿನಾಲ್ಕು ದಿನ ಮಿರ್ಚಿ ಇಲ್ಲ. ಚಂಪಿಗೆ ದೊಣ್ಣೆ ಏಟು. ಅವಳಿಗೆ ಮೊದಲು ನೆನಪಾದದ್ದು ಮಿರ್ಚಿ, ಆಮೇಲೆ ಚಂಪಿ. ಲಾಲಪ್ಪನ ಕೈ ನೆನಪಾಗಲೇ ಇಲ್ಲ.

ಅವಳು ಗಂಟಲು ಸರಿಮಾಡಿಕೊಂಡಳು.

“ಮರಿ ಹಾಕಿದ ನಾಯಿ ಕಚ್ಚಿದರೆ ಅಂಜಬೇಕಾಗಿಲ್ಲ. ಸೂಜಿ ಬೇಕಾಗಿಲ್ಲ. ಏಳು ಬಾವಿ ಇಣುಕಿದರೆ ಸಾಕು ಎಂದು ಬೊಂಬಾಯಿಯ ದೊಡ್ಡ ಡಾಕ್ಟರು ತಿಳಿಸಿದ್ದಾರೆ.”

ನಾಯಿ ಕಚ್ಚಿದರೆ ಏಳು ಬಾವಿ ಇಣುಕಬೇಕೆಂದು ಊರ ಮುದುಕಿಯರು ಹೇಳುತ್ತಿದ್ದರು. ಬೊಂಬಾಯಿ ಡಾಕ್ಟರು ಅವಳ ಸ್ವಂತದ್ದು.

“ಬೊಂಬಾಯಿ ಡಾಕ್ಟರಗೂ ಏಳು ಬಾವಿ ಗೊತ್ತೈತೇನು?” ತಾತ ಹುಬ್ಬೇರಿಸಿದ.

“ಹಂಗ ಐತಿ ತಾತ, ಅಚ್ಚಾಗೈತಿ.”

ಅಚ್ಚಾದದ್ದು ಎಂದ ಮೇಲೆ ಮುಗಿಯಿತು. ಲಾಲಪ್ಪನಿಗೆ ಹೋದ ಜೀವ ಬಂದಂತಾಯಿತು. “ನಿನ್ನ ಬಾಯಾಗ ಸಕ್ರಿ ಬೀಳಲಿ ತಂಗೀ” ಎಂದು ಸಕ್ಕರೆಯ ಬದಲು ಎರಡು ಮಿರ್ಚಿ ಕೊಟ್ಟ. ಕಸ್ತೂರಿ ಒಂದನ್ನು ಬೇಗ ತಿಂದಳು. ಎರಡನೆಯದನ್ನು ಯಾಕೋ ಚಂಪಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಅವ್ವ ಅವಳನ್ನು ಬೆಲ್ಲ ತರಲು ತಾತನ ಅಂಗಡಿಗೆ ಕಳಿಸಿದಳು. ದಾರಿಯ ದೊಡ್ಡ ಬಾವಿಯ ಹತ್ತಿರ ಲಾಲಪ್ಪ ನಿಂತಿದ್ದ. ಕೈ ಉಬ್ಬಿತ್ತು. ಆದರೂ ಅವಳನ್ನು ಕಂಡು ನಕ್ಕ.

“ಇದು ಐದನೇದು ನೋಡು ತಂಗೀ. ಇನ್ನ ಎರಡ ಉಳಿದಾವ.”

ಅವನು ಕಟ್ಟೆ ಹಿಡಿದು ಬಗ್ಗಿ ಇಣುಕಿದ. ತಕ್ಷಣ ಹಿಂದಕ್ಕೆ ಬಂದ. ಮುಖ ಬಿಳಿಚಿಕೊಂಡಿತ್ತು, ಹಣೆ ಮೇಲೆ ಬೆವರು.

“ಯಾಕಾತು ಕಾಕಾ?”

“ನೀರ ನೋಡಿದ್ರ ಮೈಯೆಲ್ಲ ನಡಗತೈತಿ.”

ಕಸ್ತೂರಿಗೆ ಶಾಲೆಯ ಪಾಠ ನೆನಪಾಯಿತು. ಹುಚ್ಚುನಾಯಿಯ ವಿಷ ಏರಿದವರು ನೀರು ಕಂಡರೆ ಹೆದರುತ್ತಾರೆ, ಆಮೇಲೆ ಬದುಕುವುದಿಲ್ಲ ಎಂದು ಮಾಸ್ತರು ಹೇಳಿದ್ದರು. ಏರಿಬಿಟ್ಟಿತು! ತಾನೇ ಏರಿಸಿದೆ! ಅವಳು ಲಾಲಪ್ಪನ ಒಳ್ಳೆಯ ಕೈ ಹಿಡಿದು ದರದರ ಎಳೆಯುತ್ತ ಅಂಗಡಿಗೆ ಓಡಿದಳು.

“ತಾತಾ! ಪೇಪರಿನ್ಯಾಗ ಹಂಗ ಇಲ್ಲ! ಏಳು ಬಾವಿ ಇಲ್ಲ, ಬೊಂಬಾಯಿ ಡಾಕ್ಟರೂ ಇಲ್ಲ. ನಾನ ಕಟ್ಟಿ ಹೇಳಿದೆ. ಲಾಲಪ್ಪ ಕಾಕಾ ನೀರಿಗೆ ಹೆದರಾಕತ್ಯಾನ, ಸಾಯ್ತಾನ ತಾತಾ!”

ಅವಳು ಗೊಳೋ ಎಂದು ಅತ್ತಳು. ಈ ಸಲ ಮೆಣಸಿನಕಾಯಿ ಇರಲಿಲ್ಲ.

“ಏ, ಸಾಯೂದೇನು!” ಲಾಲಪ್ಪನೇ ಬೆಚ್ಚಿಬಿದ್ದ. “ಆಳದ ಬಾವಿ ಅಂದ್ರ ನನಗ ಸಣ್ಣಾವಿದ್ದಾಗಿಂದ ಹೆದರಿಕಿ. ಸೂಜಿಗಿಂತ ಛಲೋ ಅಂತ ಇಣುಕಾಕತ್ತಿದ್ದೆ.”

ತಾತ ಬೈಯಲಿಲ್ಲ. ತಾನು ಕೂರುವ ಗಾದಿಯ ಕೆಳಗಿನಿಂದ ನಿನ್ನೆ ಓದಿದ ಪೇಪರು ತೆಗೆದ. ನಾಯಿ ಚಿತ್ರದ ಕೆಳಗಿನ ಅಕ್ಷರಗಳ ಮೇಲೆ ಸುಮ್ಮನೆ ಬೆರಳಾಡಿಸಿದ.

“ನಿನ್ನ ಕಣ್ಣಿಲೆ ನಾ ಓದಾಕತ್ತಿದ್ನಲ್ಲಬೇ” ಎಂದ. “ತಗೋ. ಇದ್ದದ್ದು ಇದ್ದಂಗ ಓದು.”

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಕಸ್ತೂರಿಗೆ. ಮೂಗು ಒರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಗಾಯವನ್ನು ಸಾಬೂನು ಹಚ್ಚಿ ತೊಳೆಯಬೇಕು. ತಡ ಮಾಡದೆ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು. ಆಮೇಲೆ ಕೊನೆಯ ಸಾಲು ಬಂತು.

“ಕಚ್ಚಿದ ನಾಯಿಯನ್ನು... ಕೊಲ್ಲ... ಕೊಲ್ಲಬಾರದು. ಹತ್ತು ದಿನ ಕಟ್ಟಿಹಾಕಿ... ನೋಡಬೇಕು.”

ಅವಳು ಅದನ್ನೇ ಎರಡು ಸಲ ಓದಿದಳು. ಇದ್ದದ್ದನ್ನು ಓದಿದ್ದರೂ ಚಂಪಿ ಉಳಿಯುತ್ತಿತ್ತು! ಅಷ್ಟು ಕಷ್ಟಪಟ್ಟು, ಬೊಂಬಾಯಿಯಿಂದ ಡಾಕ್ಟರನ್ನು ಕರೆಸಿ ಹೇಳಿದ ಸುಳ್ಳು ದಂಡವಾಗಿತ್ತು. ತನ್ನಂಥ ಜಾಣೆ ಲಿಂಗಸುಗೂರು, ಮಸ್ಕಿಯಲ್ಲೂ ಸಿಗಲಿಕ್ಕಿಲ್ಲ ಎಂದುಕೊಂಡಳು.

ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ತಾತ ಲಾಲಪ್ಪನ ಕೈಯನ್ನು ತಾನೇ ಸಾಬೂನಿನಿಂದ ತೊಳೆದು, ಅವನನ್ನು ಬಸ್ಸಿಗೆ ಹತ್ತಿಸಿ ಬಂದ.

ಬೇವಿನ ಗಿಡದ ಕೆಳಗೆ ಒಲೆ ಆರಿತು. ಚಂಪಿಯನ್ನು ಮರಿಗಳ ಸಮೇತ ಅಂಗಡಿಯ ಹಿತ್ತಲಲ್ಲಿ ಕಟ್ಟಿದರು. ದೂರದಿಂದ ರೊಟ್ಟಿ ಎಸೆಯುವುದು ಕಸ್ತೂರಿಯ ಕೆಲಸ. ಸಂಜೆಯ ಪೇಪರು ಎಂದಿನಂತೆ ಬರುತ್ತಿತ್ತು. ಆದರೆ ತಾತ ಅದನ್ನು ಅವಳಿಗೆ ಕೊಡುತ್ತಿರಲಿಲ್ಲ. ಚಿತ್ರಗಳನ್ನಷ್ಟೇ ನೋಡಿ, ಮಡಚಿ, ಗಾದಿಯ ಕೆಳಗೆ ಇಡುತ್ತಿದ್ದ. ಕಟ್ಟೆಯವರು ಮಳೆ ಬಗ್ಗೆ ಮಾತಾಡಿ ಎದ್ದು ಹೋಗುತ್ತಿದ್ದರು. ಕಸ್ತೂರಿ ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮಿರ್ಚಿ ಇಲ್ಲದ್ದಕ್ಕಿಂತ ಇದೇ ಹೆಚ್ಚು ಖಾರವಾಗಿತ್ತು.

ಒಂಬತ್ತನೆಯ ದಿನ ಅಂಚೆಯ ಹಂಪಣ್ಣ ಬಂದು ಒಂದು ಕಾರ್ಡು ಕೊಟ್ಟು ಅವಸರದಲ್ಲಿ ಹೋಗಿಬಿಟ್ಟ. ರಾಯಚೂರಿನಿಂದ, ಲಾಲಪ್ಪ ತಂಗಿಯ ಮಗನ ಕೈಯಲ್ಲಿ ಬರೆಸಿದ್ದು. ಕನ್ನಡದಲ್ಲಿತ್ತು. ತಾತ ಅದನ್ನು ತಿರುಗಿಸಿ ನೋಡಿದ.

“ಮಾಸ್ತರ ಊರಾಗಿಲ್ಲ” ಎಂದ ವೆಂಕೋಬ.

ತಾತ ಕಾರ್ಡನ್ನು ಕಸ್ತೂರಿಯ ಮುಂದೆ ಹಿಡಿದ. ಅವಳು ಶೇಂಗಾ ಸಿಪ್ಪೆ ಕೊಡವಿ ಎದ್ದು ಬಂದಳು.

“ಸಾವ್ಕಾರ್ರಿಗೆ ಲಾಲಪ್ಪನ ಶರಣು. ಏಳು ಸೂಜಿ ಆದವು. ಏಳು ಉಳಿದಾವು. ಕೈ ಬಾವು ಇಳಿದೈತಿ. ಚಂಪಿ ಹೆಂಗೈತಿ ತಿಳಿಸಬೇಕು...”

ಅಲ್ಲಿಗೆ ನಿಂತಳು.

“ಮುಂದ?” ಎಂದ ತಾತ.

ಮುಂದಿನ ಸಾಲು ಅವಳ ಕಣ್ಣೆದುರೇ ಇತ್ತು. ಅದನ್ನು ಹಾರಿಬಿಡಬಹುದಿತ್ತು. ‘ಕಸ್ತೂರಿಗೆ ಆಶೀರ್ವಾದ’ ಎಂದು ಓದಬಹುದಿತ್ತು. ಇಡೀ ಕಟ್ಟೆಯಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಷರದ ಕೆಳಗೆ ಬೆರಳಿಟ್ಟಳು.

“ಈ ಕಾರ್ಡು... ಕಸ್ತೂರಿ ಕೈಲೆ ಓದಸಬ್ಯಾಡ್ರಿ. ಆಕಿ ಸುಳ್ಳಬುರುಕಿ.”

ವೆಂಕೋಬ ನಕ್ಕು ನಕ್ಕು ಕೆಮ್ಮಿದ. ಕಟ್ಟೆಯೆಲ್ಲ ನಕ್ಕಿತು. ಕಸ್ತೂರಿ ತಲೆ ಎತ್ತಲಿಲ್ಲ.

ತಾತ ನಗಲಿಲ್ಲ. ಗಾದಿಯ ಕೆಳಗೆ ಕೈ ಹಾಕಿ, ಮಡಚಿಟ್ಟ ಪೇಪರುಗಳನ್ನೆಲ್ಲ ಎಳೆದು ಅವಳ ತೊಡೆಯ ಮೇಲೆ ಹಾಕಿದ.

“ಕಾರ್ಡ್ ಮುಗಸು” ಎಂದ. “ಆಮ್ಯಾಲ ಇವು ಒಂಬತ್ತು ದಿನದ್ದು ಓದೂದೈತಿ.”