ಗುರವ್ವನ ಮುಷ್ಟಿಯೊಳಗಿನ ಗೆಡ್ಡೆ

ಬಹಳ ಹಿಂದೆ, ಬೆಟ್ಟಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಹೊನ್ನಂಗಳ ಎಂಬ ರಾಜ್ಯವಿತ್ತು. ಅಲ್ಲಿ ಅರಮನೆಯಿಂದ ಗುಡಿಸಲಿನವರೆಗೆ ಎಲ್ಲರ ಅಂಗಳದಲ್ಲೂ ಕತ್ತಿಹೂ ಬೆಳೆಯುತ್ತಿತ್ತು. ನಾವೀಗ ಗ್ಲಾಡಿಯೋಲಸ್ ಎನ್ನುತ್ತೇವಲ್ಲ, ಅದೇ. ಎಲೆ ಕತ್ತಿಯ ಹಾಗೆ. ಹೂಗಳು ಬುಡದಿಂದ ತುದಿಯವರೆಗೆ ಒಂದೊಂದಾಗಿ ಅರಳುತ್ತವೆ.

ಆ ರಾಜ್ಯದಲ್ಲಿ ಗುರವ್ವ ಎಂಬ ಮುದುಕಿ ಈರಬೊಮ್ಮ ಎಂಬ ಹುಡುಗನನ್ನು ಸಾಕಿ ಬೆಳೆಸಿದ್ದಳು. ಹೆತ್ತವಳಲ್ಲ, ಆದರೆ ಅವನಿಗೆ ಬೇರೆ ಅವ್ವ ಗೊತ್ತಿರಲಿಲ್ಲ. ಹೂವಿನ ಕಾಲ ಮುಗಿದು ಎಲೆ ಹಳದಿಯಾದಾಗ ಇಬ್ಬರೂ ಗೆಡ್ಡೆ ಅಗೆಯುತ್ತಿದ್ದರು. ಹೊಸ ಗೆಡ್ಡೆಯ ಅಡಿಯಲ್ಲಿ ಹಳೆಯದು ಸುಕ್ಕಿ ಅಂಟಿಕೊಂಡಿರುತ್ತಿತ್ತು. ಈರಬೊಮ್ಮ ಅದನ್ನು ಕಿತ್ತು ಬೇಲಿಯಾಚೆ ಎಸೆಯುತ್ತಿದ್ದ. ಗುರವ್ವ ಓಡಿಹೋಗಿ ಹೆಕ್ಕಿ ತಂದು, ಕಣ್ಣಿಗೊತ್ತಿಕೊಂಡು, ಬುಡದ ಮಣ್ಣಿಗೇ ಸೇರಿಸುತ್ತಿದ್ದಳು.

“ಸುಕ್ಕಿದ್ದಕ್ಕೆ ಯಾಕವ್ವ ಇಷ್ಟು ಪೂಜೆ?” ಎಂದು ಅವನು ನಗುತ್ತಿದ್ದ.

“ಅದು ತಾನು ಕರಗಿ ಇದನ್ನ ಬೆಳೆಸೈತೆ ಮಗಾ. ನಿಂಗೆ ಗೊತ್ತಾಗೋ ಕಾಲ ಬತ್ತದೆ ಬಿಡು” ಎನ್ನುತ್ತಿದ್ದಳು ಅವಳು.

ಹೀಗಿರುವಾಗ ಬೂದಿಜಟ ಎಂಬ ಮಾಂತ್ರಿಕ ಬಂದ. ಅವನಿಗೆ ಬಣ್ಣ ಕಂಡರೆ ಆಗದು. ಮನೆಮನೆಯ ಗೆಡ್ಡೆಗಳನ್ನೂ ದೋಚಿ ಚೀಲಕ್ಕೆ ತುಂಬಿಕೊಂಡ. ಗುರವ್ವ ಕೊಡಲಿಲ್ಲ. ಮಾಂತ್ರಿಕ ದಂಡ ಬೀಸಿದ, ಅವಳು ನಿಂತಲ್ಲೇ ಕಲ್ಲಾದಳು. ಅವಳ ಮನೆಯ ಗೆಡ್ಡೆಗಳೂ ಚೀಲ ಸೇರಿದವು.

“ಈ ಅಂಗಳದಲ್ಲಿ ಕತ್ತಿಹೂವಿನ ತುದಿಮೊಗ್ಗು ಅರಳಿದರೆ ಇವಳು ಎದ್ದಾಳು. ಆದರೆ ಗೆಡ್ಡೆಯೆಲ್ಲ ನನ್ನ ಚೀಲದಲ್ಲಿದೆಯಲ್ಲ!” ಎಂದು ನಕ್ಕು ಹೋದ.

ಈರಬೊಮ್ಮ ಕಲ್ಲಿನ ಕಾಲು ಹಿಡಿದು ಅತ್ತ. ಅಳುತ್ತ ಅವಳ ಕೈ ಸವರಿದರೆ ಕಲ್ಲಿನ ಮುಷ್ಟಿಯಲ್ಲಿ ಏನೋ ಮೆತ್ತಗೆ ತಾಕಿತು. ಒಂದು ಗೆಡ್ಡೆ. ಅವಳು ಕಲ್ಲಾಗುವಾಗಲೂ ಅದನ್ನು ಬಿಟ್ಟಿರಲಿಲ್ಲ. ಬೆರಳ ಸಂದಿಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡ.

ಅಂಗಳದಲ್ಲೇ ಬಿಸಿಲು ಚೆನ್ನಾಗಿ ಬೀಳುವ ಜಾಗ ಹುಡುಕಿದ. ನೀರು ನಿಲ್ಲದಂತೆ ಮಣ್ಣಿಗೆ ಮರಳು ಬೆರೆಸಿದ. ಮೊನೆ ಮೇಲಾಗಿಟ್ಟು, ಅರ್ಧ ಗೇಣು ಆಳದಲ್ಲಿ ನೆಟ್ಟ. ಮೊಳಕೆ ಬಂತು. ಸುದ್ದಿ ಮಾಂತ್ರಿಕನಿಗೂ ಮುಟ್ಟಿತು.

ಮೊದಲು ಅವನು ಬಂಗಾರದ ಮುಳ್ಳುಹಂದಿಯನ್ನು ಕಳಿಸಿದ. ಅದು ಬುಡ ಕೆದರತೊಡಗಿತು. ಈರಬೊಮ್ಮ ದೊಣ್ಣೆ ಎತ್ತಲಿಲ್ಲ. ತನ್ನ ಪಾಲಿನ ಬೇಯಿಸಿದ ಗೆಣಸನ್ನೆಲ್ಲ ಅದರ ಮುಂದೆ ಸುರಿದ.

“ಹಸಿದು ಬಂದಿದೀಯ, ತಿನ್ನು. ಆ ಗೆಡ್ಡೆಯಲ್ಲಿ ಮಾತ್ರ ನಮ್ಮವ್ವನ ಜೀವ ಅದೆ.”

ಮುಳ್ಳುಹಂದಿ ಹೊಟ್ಟೆ ತುಂಬ ತಿಂದು, “ಮಾಂತ್ರಿಕ ನನ್ನನ್ನು ಹಸಿದ ಹೊಟ್ಟೆಯಲ್ಲೇ ಅಟ್ಟಿದ, ನೀನು ಉಣಿಸಿದೆ” ಎಂದು ಒಂದು ಉದ್ದನೆಯ ಬಂಗಾರದ ಮುಳ್ಳನ್ನು ಉದುರಿಸಿ ಹೋಯಿತು.

ಹೂಕಡ್ಡಿ ಎದೆಮಟ್ಟ ಬೆಳೆದಾಗ ಮಾಂತ್ರಿಕ ಗಾಳಿಗೂಳಿಯನ್ನು ಬಿಟ್ಟ. ಅದು ಬುಸುಗುಟ್ಟಿದರೆ ಮನೆಯ ಹೆಂಚು ಹಾರುತ್ತಿತ್ತು. ಈರಬೊಮ್ಮ ಬಂಗಾರದ ಮುಳ್ಳನ್ನು ಪಕ್ಕದಲ್ಲಿ ಊರಿ, ಹೂಕಡ್ಡಿಯನ್ನು ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದ. ಕಡ್ಡಿ ಬಾಗಿತು, ಮುರಿಯಲಿಲ್ಲ. ಗೂಳಿ ಸುಸ್ತಾಗಿ ತಂಗಾಳಿಯಾಯಿತು. ‘ಮುಳ್ಳಪ್ಪ, ನಿನ್ನ ಋಣ ದೊಡ್ಡದು’ ಎಂದು ಅವನು ಕಾಡಿನ ಕಡೆಗೆ ಕೈಮುಗಿದ.

ಬುಡದ ಹೂ ಅರಳಿತು. ಅದರ ಮೇಲಿನದು, ಅದರ ಮೇಲಿನದು. ತುದಿಮೊಗ್ಗು ಒಂದೇ ಉಳಿಯಿತು. ಆಗ ಕಲ್ಲಿನಿಂದ ದನಿ ಬಂತು.

“ಮಗಾ, ಉಸಿರು ಕಟ್ತಾ ಅದೆ. ಇನ್ನು ಕಾಯಲಾರೆ. ಎಲೆಸಮೇತ ಬುಡಕ್ಕೇ ಕುಯ್ದು ನನ್ನ ಎದೆ ಮೇಲಿಡು, ಈಗಲೇ ಏಳ್ತೀನಿ.”

ಅದು ಗುರವ್ವನದೇ ದನಿ. ಈರಬೊಮ್ಮ ನಂಬಿದ. ಕುಡುಗೋಲು ಹಿಡಿದು ಓಡಿದ, ಬುಡಕ್ಕೆ ಇಟ್ಟೂ ಇಟ್ಟ. ಅಲ್ಲೇ ಕೈ ನಿಂತಿತು. ಪ್ರತಿ ವರ್ಷ ಹೂ ಕುಯ್ಯುವಾಗ ಅವಳು ಅವನ ಕೈ ಹಿಡಿದು ಹೇಳುತ್ತಿದ್ದ ಮಾತು ಒಂದೇ: ‘ಹೂವು ಜನಕ್ಕೆ, ಎಲೆ ಗೆಡ್ಡೆಗೆ. ಎಲೆ ಮುಟ್ಟಬ್ಯಾಡ, ಒಳಗೆ ಕೂಸು ಉಣ್ತಾ ಇರ್ತದೆ.’

“ಜೀವ ಹೋದರೂ ನಮ್ಮವ್ವ ಎಲೆ ಕುಯ್ಯಿ ಅನ್ನೋಳಲ್ಲ. ನೀನು ಯಾರು?” ಎಂದ.

ಕಲ್ಲಿನ ಹಿಂದಿನಿಂದ ಬೂದಿಜಟ ಹೊರಬಿದ್ದು, ಗಿಡದ ಮೇಲೆ ದಂಡ ಬೀಸಿದ. ಕುಯ್ಯದೆ ಉಳಿದ ಎಲೆಗಳು ನಿಜವಾದ ಕತ್ತಿಗಳಾಗಿ ಮೇಲೆದ್ದವು. ದಂಡ ತುಂಡಾಯಿತು, ಮಾಂತ್ರಿಕ ಹಿಡಿ ಬೂದಿಯಾಗಿ ಗಿಡದ ಬುಡಕ್ಕೆ ಬಿದ್ದ. ಬದುಕಿನಲ್ಲಿ ಮೊದಲ ಸಲ ಗೊಬ್ಬರವಾಗಿಯಾದರೂ ಉಪಯೋಗಕ್ಕೆ ಬಂದ.

ತುದಿಮೊಗ್ಗು ಅರಳಿತು. ಗುರವ್ವ ಕಣ್ಣುಬಿಟ್ಟು, ಮಗನ ಮುಖಕ್ಕಿಂತ ಮೊದಲು ಗಿಡ ನೋಡಿ, “ನಾರು ಸಡಿಲವಾಗಿ ಕಟ್ಟಿದೀಯ, ಪರವಾಗಿಲ್ಲ” ಎಂದಳು. ಆಮೇಲೆ ಅವನನ್ನು ಅಪ್ಪಿಕೊಂಡು ಅತ್ತಳು.

ಮಾಂತ್ರಿಕನ ಚೀಲದ ಗೆಡ್ಡೆಗಳು ಮನೆಮನೆಗೆ ಮರಳಿದವು. ಎಲೆ ಹಳದಿಯಾದಾಗ ಈರಬೊಮ್ಮನೇ ಅಂಗಳ ಅಗೆದ. ದುಂಡನೆಯ ಹೊಸ ಗೆಡ್ಡೆ, ಸುತ್ತ ಕಡಲೆಯಷ್ಟಷ್ಟು ಮರಿಗಳು, ಅಡಿಯಲ್ಲಿ ಸುಕ್ಕಿದ ಹಳೆಯದು. ಅವಳ ಮುಷ್ಟಿಯಲ್ಲಿದ್ದದ್ದು ಅದೇ. ಅವನು ಅದನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಗುರವ್ವನ ಸುಕ್ಕುಗಟ್ಟಿದ ಕೈಗಳನ್ನು ಹಿಡಿದು ಅವನ್ನೂ ಕಣ್ಣಿಗೊತ್ತಿಕೊಂಡ.

“ಈಗ ಗೊತ್ತಾಯ್ತವ್ವ” ಎಂದ.

ಹೊನ್ನಂಗಳದವರು ಇವತ್ತಿಗೂ ಸುಖವಾಗಿದ್ದಾರೆ. ಹೂ ಕೇಳಿದರೆ ಕೈತುಂಬ ಕೊಡುತ್ತಾರೆ. ಎಲೆ ಕೇಳಿದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತಾರೆ.