ಹಾರ ಬಿದ್ದ ಫೋಟೋ

ಆಯುಧಪೂಜೆಯ ಬೆಳಿಗ್ಗೆ ಕುರುಬರಹಳ್ಳಿಯ ಸ್ಟುಡಿಯೋ ಬಾಗಿಲಲ್ಲೇ ನೀಲಾಂಬಿಕಾ ನಿಂತುಬಿಟ್ಟಳು. ಗೋಡೆಯ ಮೇಲಿನ ಹಳೇ ಫೋಟೋಗಳ ಸಾಲಿನಲ್ಲಿ ಅವಳದೇ ಫೋಟೋ. ಅದಕ್ಕೆ ಚೆಂಡುಹೂವಿನ ಹಾರ, ಗಾಜಿನ ಮೇಲೆ ಕುಂಕುಮ.

"ವೆಂಕಟೇಶಾ! ನಾ ಯಾವಾಗ ಸತ್ತೆ?"

ಕ್ಯಾಮೆರಾಗೆ ಅರಿಶಿನ ಹಚ್ಚುತ್ತಿದ್ದ ವೆಂಕಟೇಶ್ ತಿರುಗಿದ. ಮುಖ ಬಿಳಿಚಿತು.

ಆ ಸಾಲಿನ ಉಳಿದವರೆಲ್ಲ ಅವನ ಮುತ್ತಾತ ತೆಗೆದ ಫೋಟೋಗಳ ಕೂಲಿಜನ. ಸುತ್ತಿಗೆ ಹಿಡಿದ ಕಲ್ಲುಕುಟಿಗ, ಬಟ್ಟೆಗಂಟಿನ ಪಕ್ಕ ಅಗಸ, ಬಳೆ ಮಾರುವವಳು. ಎಲ್ಲರೂ ಉಸಿರು ಬಿಗಿಹಿಡಿದು ನಿಂತವರು. ಯಾರ ಹೆಸರೂ ಉಳಿದಿರಲಿಲ್ಲ.

ಹೋದ ತಿಂಗಳು ನೀಲಾಂಬಿಕಾ ಸುಂಕದಕಟ್ಟೆಯ ಗಾರ್ಮೆಂಟ್ಸಿನಿಂದ ನೇರ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದಿದ್ದಳು. ಕತ್ತಿನಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ವೆಂಕಟೇಶ್ ಅವಳನ್ನು ಹಾಗೆಯೇ, ಡಿಜಿಟಲ್ ಬಂದಮೇಲೆ ಮೂಲೆ ಸೇರಿದ್ದ ಮರದ ಕ್ಯಾಮೆರಾ ಮುಂದೆ ನಿಲ್ಲಿಸಿದ್ದ.

"ಅಲ್ಲಾಡ್ಬೇಡಿ. ನಗಬೇಡಿ," ಎಂದ, ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ.

"ಆ ಕರೀ ಅರಿವಿ ಹೊದ್ಕೊಂಡು ಕರಡಿ ಹಂಗ ಕಾಣ್ತಿ, ನಗಬ್ಯಾಡ ಅಂದ್ರ ಹೆಂಗ?"

ಮೊದಲ ಫೋಟೋ ಅಲ್ಲಾಡಿಹೋಗಿತ್ತು. ಎರಡನೆಯದು ಈಗ ಗೋಡೆಯ ಮೇಲಿತ್ತು.

"ಅಪ್ಪ ಹಾಕಿರೋ ಹಾರ," ಎಂದ ವೆಂಕಟೇಶ್. "ಪ್ರತಿ ವರ್ಷ ಈ ಸಾಲಿಗೆ ಹಾಕ್ತಾರೆ. ನಿಮ್ಮದೂ ಹಳೇದು ಅಂದ್ಕೊಂಡು..."

"ನನ್ನ ಕೇಳದ ಇಲ್ಲಿ ತೂಗು ಹಾಕಿದವ್ರು ಯಾರು?"

"ನಾನೇ."

"ಇಳಿಸಿ ಕೊಡು. ರಾಣೆಬೆನ್ನೂರಿನ ಹುಡುಗನ ಕಡೆಯವ್ರು ಫೋಟೋ ಕೇಳ್ಯಾರ."

ವೆಂಕಟೇಶನ ಅರಿಶಿನದ ಬೆರಳು ಲೆನ್ಸಿನ ಮೇಲೇ ಉಳಿಯಿತು. ಅವನಿಗೆ ಅದು ಗೊತ್ತಾಗಲೇ ಇಲ್ಲ.

"ಕೊಡಲ್ಲ."

"ಏನಂದಿ?"

"ಯಾರಿಗೋ ತೋರ್ಸಕ್ಕೆ ತೆಗ್ದಿದ್ದಲ್ಲ ಅದು. ಬೆಳಿಗ್ಗೆ ಷಟರ್ ಎತ್ತಿದ ತಕ್ಷಣ ನಿನ್ನ ಮುಖ ಕಾಣ್ಲಿ ಅಂತ ಹಾಕಿದ್ದು."

ನಿನ್ನ! ಮಾತಿಗೆ ಮಾತು ಒಗೆಯುವ ನೀಲಾಂಬಿಕಾ ಗೋಡೆಯ ಮೇಲಿನವರಂತೆ ಉಸಿರು ಬಿಗಿಹಿಡಿದು ನಿಂತಳು.

ಅಷ್ಟರಲ್ಲಿ ಅವನ ಅಪ್ಪ ದೊಡ್ಡಹನುಮಯ್ಯ ಬೂದುಗುಂಬಳ ಹೊತ್ತು ಬಂದರು. ಅವಳನ್ನು ನೋಡಿದರು, ಗೋಡೆ ನೋಡಿದರು, ಮತ್ತೆ ಅವಳನ್ನು ನೋಡಿದರು.

"ಅಯ್ಯಯ್ಯೋ, ಬದುಕಿದೀಯೇನವ್ವಾ? ಯಾರೋ ಹಳೇ ಕಾಲದ ದರ್ಜಿ ಹೆಣ್ಮಗಳು ಅಂದ್ಕೊಂಡ್ನಲ್ಲಾ!"

ನೀಲಾಂಬಿಕಾ ಸ್ಟೂಲು ಹತ್ತಿ ಹಾರ ತೆಗೆದು ಪಕ್ಕದ ಬಳೆಯವಳಿಗೆ ಹಾಕಿದಳು.

"ಇದು ಇಲ್ಲೇ ಇರ್ಲಿ. ಊರಿಗೆ ಬ್ಯಾರೇದು ಕಳಸ್ತೀನಿ."

ವೆಂಕಟೇಶ್ ಸ್ಟೂಲಿನ ಹತ್ತಿರ ಬಂದ. "ಬೇರೇದು ಅಂದ್ರೆ?"

"ಬಾ, ನನ್ನ ಬಾಜೂಕ ನಿಲ್ಲು. ಇಬ್ರದೂ ಒಂದ ಫೋಟೋ ನೋಡಿದ್ರ ನಮ್ಮವ್ವಗ ಎಲ್ಲಾ ತಿಳೀತದ. ಈಗ ಯಾರು ತೆಗೀತಾರ?"

ದೊಡ್ಡಹನುಮಯ್ಯ ತೆರೆದ ಬಾಯಿ ಮುಚ್ಚಲಿಲ್ಲ. ಕುಂಬಳಕಾಯಿ ಕೆಳಗಿಟ್ಟರು. ಕೈ ಮಾತ್ರ ರೂಢಿಯಿಂದ ಕಪ್ಪು ಬಟ್ಟೆ ಎತ್ತಿತು.

"ಅಲ್ಲಾಡ್ಬೇಡಿ," ಎಂದರು, ತಾವೇ ನಡುಗುತ್ತ.