ಗೋಡೆ ಬದಲಿಸಿದ ಸಾಕ್ಷಿ

ತಂಗಿಯ ಕೈಯಲ್ಲಿ ವಜಾ ಪತ್ರ ಕಂಡದ್ದೇ ತಡ, ಉಗ್ರಾಣ ನೋಡಿಕೊಳ್ಳುವ ಸ್ಟೋರಣ್ಣ ಗ್ರಂಥಾಲಯಕ್ಕೆ ಓಡಿದ. ಸಂಶೋಧನಾಲಯದಲ್ಲಿ ಏನೇ ಕಳುವಾಗಲಿ, ಯಾರ ಮೇಲೇ ಅನುಮಾನ ಬರಲಿ, ಗಂಟು ಬಿಡಿಸುತ್ತಿದ್ದವರು ಅಲ್ಲಿನ ಗ್ರಂಥಪಾಲಕಿ. ಎಲ್ಲರ ಬಾಯಲ್ಲಿ ಅವರು ಭೂತಗನ್ನಡಿ ಅಕ್ಕ.

“ಅಕ್ಕಾ, ಅಯಸ್ಕಾಂತದ ಕೇಬಲ್ ಬದಲಿಸದೆ ಕಳ್ಳಾಟ ಆಡಿದಾಳಂತೆ! ಸೋಮವಾರ ಸೋಮವಾರ ಸ್ಪ್ಯಾನರ್ ಕೊಟ್ಟೋನೇ ನಾನು. ಆದ್ರೆ ಅಣ್ಣನ ಮಾತು ಯಾರು ನಂಬ್ತಾರೆ?”

“ಹಾಗಾದ್ರೆ ಯಾರಿಗೂ ನೆಂಟನಲ್ಲದ ಸಾಕ್ಷಿ ಹುಡುಕೋಣ,” ಎಂದು ಅಕ್ಕ ಎದ್ದರು.

ವಿದ್ಯುದಂಶವಿಲ್ಲದ ಒಂದು ಬಗೆಯ ಕಣ ಒಡೆದಾಗ ಒಮ್ಮೆ ಎಲೆಕ್ಟ್ರಾನು, ಒಮ್ಮೆ ಅದರ ಪ್ರತಿರೂಪವಾದ ಪಾಸಿಟ್ರಾನು ಹುಟ್ಟುತ್ತಿತ್ತು; ಒಟ್ಟಿನಲ್ಲಿ ಎರಡೂ ಸಮಸಮ ಇರಬೇಕೆಂದು ಸಂಶೋಧನಾಲಯದ ಮುಖ್ಯಸ್ಥರ ನಂಬಿಕೆ. ಅಯಸ್ಕಾಂತ ಒಂದನ್ನು ಎಡಗೋಡೆಗೆ, ಇನ್ನೊಂದನ್ನು ಬಲಗೋಡೆಗೆ ಬಾಗಿಸುತ್ತಿತ್ತು. ಕೇಬಲ್ ಅದಲುಬದಲಾದರೆ ಗೋಡೆಗಳೂ ಅದಲುಬದಲು. ಒಂದು ಗೋಡೆಯ ಯಂತ್ರ ಹೆಚ್ಚು ಎಣಿಸಿದರೂ ಒಟ್ಟು ಲೆಕ್ಕ ಸರಿಹೋಗಲೆಂದು ಪ್ರತಿ ಸೋಮವಾರ ಹಾಗೆ ಬದಲಿಸುವುದೇ ತಂಗಿಯ ಕೆಲಸ. ಸಾವಿರ ಎಲೆಕ್ಟ್ರಾನಿಗೆ ಸಾವಿರದ ಮೂರು ಪಾಸಿಟ್ರಾನು ಬಂದವು. ಎಡಗೋಡೆಯ ಯಂತ್ರ ಹೆಚ್ಚು ಎಣಿಸುತ್ತದೆ, ಇವಳು ಎಷ್ಟೋ ವಾರ ಕೇಬಲ್ ಮುಟ್ಟಿಲ್ಲ ಎಂದು ಅವರು ತೀರ್ಮಾನಿಸಿಬಿಟ್ಟರು.

ಮಧ್ಯಾಹ್ನ ಎಲ್ಲರೂ ಅಯಸ್ಕಾಂತದ ಕೋಣೆಯಲ್ಲಿ ಸೇರಿದರು. ಯಾರೂ ನೋಡದೆ ಗ್ರಂಥಾಲಯದ ಬೀರು ಸೇರುತ್ತಿದ್ದ, ಗೋಡೆವಾರು ಎಣಿಕೆಯ ಹನ್ನೆರಡು ವಾರದ ಹಾಳೆಗಳನ್ನು ಅಕ್ಕ ನೆಲದ ಮೇಲೆ ಹರಡಿದರು.

“ಎಡಗೋಡೆ ಕಳ್ಳ ಆಗಿದ್ರೆ ಪ್ರತಿ ವಾರ ಎಡಕ್ಕೇ ಹೆಚ್ಚು ಬೀಳ್ಬೇಕು. ಓದಿ ಸರ್.”

“ಎಡ... ಬಲ... ಎಡ... ಬಲ...” ಮುಖ್ಯಸ್ಥರ ದನಿ ಇಳಿಯುತ್ತ ಹೋಯಿತು.

“ಒಂದು ವಾರವೂ ತಪ್ಪಿಲ್ಲ. ಇವಳು ಕೇಬಲ್ ಬದಲಿಸಿದಾಗೆಲ್ಲ ಆ ಹೆಚ್ಚಿನ ಮೂರೂ ತಮ್ಮ ಗೋಡೆ ಬದಲಿಸಿವೆ, ಪಾಸಿಟ್ರಾನಿನ ಬೆನ್ನಿಗೇ. ಕಳ್ಳ ಗೋಡೆಯೂ ಅಲ್ಲ, ಇವಳೂ ಅಲ್ಲ. ಪಾಸಿಟ್ರಾನೇ ಹೆಚ್ಚು ಹುಟ್ತಿದೆ.”

“ಪ್ರಕೃತಿ ಪಕ್ಷಪಾತ ಮಾಡುತ್ತಾ?” ಮುಖ್ಯಸ್ಥರು ಕೇಳಿದರು.

“ಅದನ್ನ ಪ್ರಕೃತಿಯನ್ನೇ ಕೇಳ್ಬೇಕಿತ್ತು. ನೀವು ಗ್ರೀಸ್ ಮೆತ್ತಿದ ಕೈ ಹಿಡಿದ್ರಿ. ಮೇಲಿನವರ ನಂಬಿಕೆ ಕೆಟ್ಟಾಗ ತಪ್ಪು ಕೆಳಗಿನವರದ್ದೇ, ಅಲ್ವಾ?”

ತಂಗಿ ಸ್ಪ್ಯಾನರ್ ಚಾಚಿದಳು. “ಈ ಸಲ ನೀವೇ ಬಿಚ್ಚಿ ಸರ್. ನಾನು ನೋಡ್ತಾ ನಿಲ್ತೀನಿ.”

ಅವರು ಬೆವರುತ್ತ ಕೇಬಲ್ ಬಿಚ್ಚಿ, ಅದಲುಬದಲು ಮಾಡಿ ಕಟ್ಟಿದರು. ವಾರ ಕಳೆದು ಹಾಳೆ ಬಂತು. ಹಿಂದಿನ ವಾರ ಬಲಕ್ಕಿದ್ದ ಹೆಚ್ಚಳ ಎಡಗೋಡೆಗೆ ಬಂದು ಕುಳಿತಿತ್ತು.

“ವಿಶ್ವದ ಮೊದಲಲ್ಲಿ ಹುಟ್ಟಿದ ದ್ರವ್ಯ, ಪಾಸಿಟ್ರಾನಿನಂಥ ಪ್ರತಿದ್ರವ್ಯ ಕೊನೇತನಕ ಸಮ ಇದ್ದಿದ್ರೆ ಒಂದನ್ನೊಂದು ಅಳಿಸಿಹಾಕ್ತಿದ್ವು,” ಅಕ್ಕ ಮೆಲ್ಲಗೆ ಹೇಳಿದರು. “ಇಂಥ ಯಾವುದೋ ಚೂರು ಓರೆಯಿಂದಲೇ ನಾವೆಲ್ಲ ಉಳಿದೆವೇನೋ.”

ಸ್ಟೋರಣ್ಣನ ಮೈ ಜುಮ್ಮೆಂದಿತು. ತಂಗಿಯ ಪರವಾಗಿ ಇಡೀ ವಿಶ್ವ ಸಾಕ್ಷಿ ನುಡಿದಿತ್ತು.

ಮುಖ್ಯಸ್ಥರು ಪತ್ರ ಹರಿದು, “ತಪ್ಪಾಯ್ತಮ್ಮ,” ಎಂದರು.

“ಸರಿ ಸರ್,” ಎಂದಳು ಅವಳು. “ಸ್ಪ್ಯಾನರ್ ಒರೆಸಿ ಅಣ್ಣನ ಕೈಗೆ ಕೊಡಿ.”